ಬೆಟ್ಟದೂರಿನ ಅಣಬೆ ಮನೆಯ ಭರಣಿಗೆ ಬಂದ ಕಥೆ



ವೈದ್ಯರನ್ನು ಉಪನ್ಯಾಸಕ್ಕೆ ಕರೆದಾಗ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್‌ಗಳ ವಿಚಾರ ಹೇಳಿ ಮುಗಿಸುವುದು ವಾಡಿಕೆ. ಈ ಬಾರಿ ನಾವು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ಅಮೆರಿಕದಲ್ಲಿ ‘ಮ್ಯಾಜಿಕ್ ಮಶ್ರೂಮ್’ ಎಂದು ಕರೆಯಲ್ಪಡುವ ಭ್ರಾಮಕ ಅಣಬೆಯನ್ನು ಕಾಲೇಜಿನ ವಸತಿಗೃಹಗಳಲ್ಲಿಯೂ ಮನೆಗಳ ನೆಲಮಾಳಿಗೆಗಳಲ್ಲಿಯೂ ಬೆಳೆಸುವ ಸಂಗತಿ ಈಗ ಗುಟ್ಟಾಗಿ ಉಳಿದಿಲ್ಲ. ಇದು ಮಹೌಷಧವೆಂದು ಕೆಲವರು, ವಿಷವೆಂದು ಕೆಲವರು ವಾದಿಸುತ್ತಾರೆ. ಮಕ್ಕಳೊಡನೆ ಈ ಬಗ್ಗೆ ಮಾತನಾಡಬೇಕಾದ ತಂದೆತಾಯಿಯರಿಗೆ ಎರಡೂ ವಾದಗಳಿಗಿಂತ ಇದರ ಚರಿತ್ರೆ ಹೆಚ್ಚು ಉಪಯುಕ್ತವೆಂಬುದು ನಮ್ಮ ಅಭಿಪ್ರಾಯ.

ಅಣಬೆಯ ಬಗೆಗೆ ನಮ್ಮವರ ಮನೋಭಾವ ಎರಡು ಬಗೆಯದು. ಮೊದಲ ಮಳೆಗೆ ಎದ್ದ ಅಣಬೆಯನ್ನು ಆಸೆಯಿಂದ ಆರಿಸಿ ತಂದು ಸಾರು ಮಾಡುವ ಮನೆಗಳು ಮಲೆನಾಡಿನಲ್ಲಿ ಎಷ್ಟೋ ಇವೆ. ಅದನ್ನೇ ‘ನಾಯಿಕೊಡೆ’ ಎಂದು ಹೀಗಳೆದು ದೂರವಿಡುವವರೂ ಇದ್ದಾರೆ. ಮನುಸ್ಮೃತಿಯು ಬೆಳ್ಳುಳ್ಳಿ ಈರುಳ್ಳಿಗಳ ಜೊತೆಗೆ ಅಣಬೆಯನ್ನೂ ದ್ವಿಜರಿಗೆ ನಿಷೇಧಿಸಿದೆ. ಆದರೆ ನಾವಿಂದು ಹೇಳಹೊರಟಿರುವ ಅಣಬೆಯ ಚರಿತ್ರೆ ಮೆಕ್ಸಿಕೋ ದೇಶದ್ದು.

ಹದಿನಾರನೆಯ ಶತಮಾನದಲ್ಲಿ ಸ್ಪೇನಿನಿಂದ ಮೆಕ್ಸಿಕೋಗೆ ಬಂದ ಬರ್ನಾರ್ದಿನೊ ದೆ ಸಹಗೂನ್ ಎಂಬ ಪಾದ್ರಿ ಅಲ್ಲಿನ ಅಜ್ಟೆಕ್ ಜನರ ಆಚಾರಗಳನ್ನು ವಿವರವಾಗಿ ಬರೆದಿಟ್ಟರು. ‘ತೆಯೊನನಕಾತ್ಲ್’ ಎಂಬ ಅಣಬೆಯನ್ನು ತಿಂದು ಜನರು ದರ್ಶನಗಳನ್ನು ಕಾಣುತ್ತಿದ್ದರೆಂಬ ಉಲ್ಲೇಖ ಆ ಬರಹದಲ್ಲಿದೆ. ಸ್ಪೇನಿನ ಆಳ್ವಿಕೆ ಇಂತಹ ಆಚರಣೆಗಳನ್ನು ದಮನಿಸಿದ ಮೇಲೆ ಅವು ಬೆಟ್ಟಗಳ ಮರೆಗೆ ಸರಿದವು. ಹೊರಗಿನ ಪ್ರಪಂಚ ಅವನ್ನು ಎಷ್ಟು ಮರೆತಿತ್ತೆಂದರೆ, 1915ರಲ್ಲಿ ಸ್ಯಾಫರ್ಡ್ ಎಂಬ ಅಮೆರಿಕದ ಸಸ್ಯವಿಜ್ಞಾನಿ ಅಂತಹ ಅಣಬೆಯೇ ಇಲ್ಲವೆಂದೂ, ಪಾದ್ರಿಗಳು ಕಂಡದ್ದು ಪೆಯೋಟಿ ಎಂಬ ಕಳ್ಳಿಯನ್ನೆಂದೂ ವಾದಿಸಿದರು. ಆ ವಾದ ಸುಳ್ಳೆಂದು ತೋರಿದವರು ವೈದ್ಯ ಬ್ಲಾಸ್ ಪಾಬ್ಲೊ ರೆಕೊ ಮತ್ತು ಹಾರ್ವರ್ಡಿನ ತರುಣ ಸಸ್ಯವಿಜ್ಞಾನಿ ರಿಚರ್ಡ್ ಇವಾನ್ಸ್ ಷುಲ್ಟೀಸ್. ಇವರು 1938ರ ವೇಳೆಗೆ ವಹಾಕಾ ಪ್ರಾಂತದ ಹುವಾಟ್ಲಾ ದೆ ಹಿಮೆನೆಸ್ ಎಂಬ ಬೆಟ್ಟದೂರಿನಿಂದ ಅಣಬೆಯ ಮಾದರಿಗಳನ್ನು ಸಂಗ್ರಹಿಸಿದರು.

ಹುವಾಟ್ಲಾದ ನಿವಾಸಿಗಳು ಮಜತೆಕ್ ಎಂಬ ಮೂಲನಿವಾಸಿ ಜನಾಂಗದವರು. ಅಲ್ಲಿ ಅಣಬೆಯ ಸೇವನೆ ವಿನೋದಕ್ಕಾಗಿ ನಡೆಯುತ್ತಿರಲಿಲ್ಲ. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ, ಅದರ ಕಾರಣವನ್ನೂ ಪರಿಹಾರವನ್ನೂ ಅರಿಯಲು ಊರಿನ ಜ್ಞಾನಿಯೊಬ್ಬರ ನೇತೃತ್ವದಲ್ಲಿ ರಾತ್ರಿಯಿಡೀ ಜಾಗರಣೆ ನಡೆಯುತ್ತಿತ್ತು. ಅಣಬೆಗಳನ್ನು ಜೋಡಿ ಜೋಡಿಯಾಗಿ ಎಣಿಸಿ ಕೊಡುತ್ತಿದ್ದರು. ದೀಪವಾರಿಸಿ, ಹಾಡುತ್ತ, ಪ್ರಾರ್ಥಿಸುತ್ತ, ರೋಗಿಯ ಬಳಿಯಲ್ಲಿಯೇ ಬೆಳಗಿನವರೆಗೆ ಕುಳಿತಿರುತ್ತಿದ್ದರು. ಈ ಕಾರ್ಯದಲ್ಲಿ ಹೆಸರಾಗಿದ್ದ ಮರಿಯಾ ಸಬೀನಾ ಎಂಬ ಬಡ ಮಹಿಳೆ ಅಣಬೆಗಳನ್ನು ‘ಪವಿತ್ರ ಮಕ್ಕಳು’ ಎಂದು ಕರೆಯುತ್ತಿದ್ದರು.

1955ರ ಜೂನ್ 29ರ ರಾತ್ರಿ ಆಕೆಯ ಜಾಗರಣೆಯಲ್ಲಿ ಪಾಲ್ಗೊಂಡವರು ನ್ಯೂಯಾರ್ಕಿನ ಜೆ. ಪಿ. ಮಾರ್ಗನ್ ಬ್ಯಾಂಕಿನ ಉಪಾಧ್ಯಕ್ಷರಾದ ಗಾರ್ಡನ್ ವಾಸನ್. ಅವರ ಪತ್ನಿ ವ್ಯಾಲೆಂಟೀನಾ ರಷ್ಯಾ ದೇಶದಲ್ಲಿ ಜನಿಸಿದವರು, ಮಕ್ಕಳ ತಜ್ಞೆ. 1927ರಲ್ಲಿ ಮಧುಚಂದ್ರಕ್ಕೆ ಹೋದಾಗ ಆಕೆ ಕಾಡಿನ ಅಣಬೆಗಳನ್ನು ಕಂಡು ಹಿಗ್ಗಿ ಆರಿಸಿಕೊಂಡರೆ ಪತಿ ಹೆದರಿ ಹಿಂಜರಿದರು. ಒಂದೇ ವಸ್ತು ಒಬ್ಬರಿಗೆ ಪ್ರಿಯವೂ ಇನ್ನೊಬ್ಬರಿಗೆ ಭಯಂಕರವೂ ಆದದ್ದೇಕೆ ಎಂಬ ಪ್ರಶ್ನೆಯೇ ದಂಪತಿಗಳನ್ನು ಮೂವತ್ತು ವರ್ಷಗಳ ಸಂಶೋಧನೆಗೆ ತೊಡಗಿಸಿತು. 1957ರ ಮೇ 13ರ ‘ಲೈಫ್’ ಪತ್ರಿಕೆಯಲ್ಲಿ ವಾಸನ್ ತಮ್ಮ ಅನುಭವವನ್ನು ಪ್ರಕಟಿಸಿದರು. ಮರಿಯಾ ಸಬೀನಾರ ಹೆಸರನ್ನು ಅಲ್ಲಿ ಬದಲಿಸಿದ್ದರಾದರೂ ಗುಟ್ಟು ಬಹುಕಾಲ ನಿಲ್ಲಲಿಲ್ಲ. ಅದೇ ತಿಂಗಳು ವ್ಯಾಲೆಂಟೀನಾ ಇನ್ನೊಂದು ಪತ್ರಿಕೆಯಲ್ಲಿ ಬರೆದು, ಈ ಅಣಬೆಯ ಸಾರವು ಮದ್ಯವ್ಯಸನ, ಮನೋರೋಗ ಮತ್ತು ಅಂತಿಮ ಹಂತದ ರೋಗಿಗಳ ಯಾತನೆಗೆ ಮುಂದೆ ಉಪಯೋಗಕ್ಕೆ ಬಂದೀತೆಂದು ಸೂಚಿಸಿದರು. ಮರುವರ್ಷದ ಕೊನೆಯಲ್ಲಿ ಆಕೆಯೇ ಕ್ಯಾನ್ಸರಿನಿಂದ ತೀರಿಕೊಂಡರು.

ಈ ವಾಸನ್‌ರಿಗೂ ನಮ್ಮ ವೇದಗಳಿಗೂ ಒಂದು ನಂಟಿದೆ. ಋಗ್ವೇದದ ಒಂಬತ್ತನೆಯ ಮಂಡಲದಲ್ಲಿ ಸ್ತುತಿಸಲ್ಪಟ್ಟ ಸೋಮವು ಒಂದು ಅಣಬೆಯೆಂದು ಅವರು 1968ರಲ್ಲಿ ಗ್ರಂಥವೊಂದನ್ನೇ ಬರೆದರು. ಅವರು ಹೆಸರಿಸಿದ್ದು ಬಿಳಿಯ ಚುಕ್ಕೆಗಳ ಕೆಂಪು ಟೋಪಿಯ ಬೇರೊಂದು ಅಣಬೆಯನ್ನು, ಮೆಕ್ಸಿಕೋದ ಅಣಬೆಯನ್ನಲ್ಲ. ಕೇಂಬ್ರಿಜ್‌ನ ಸಂಸ್ಕೃತ ವಿದ್ವಾಂಸರಾದ ಜಾನ್ ಬ್ರೌ 1971ರಲ್ಲಿ ಇದನ್ನು ಬಲವಾಗಿ ಖಂಡಿಸಿದರು. ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಆದುದರಿಂದ ‘ನಮ್ಮ ಋಷಿಗಳೂ ಇದನ್ನೇ ಸೇವಿಸುತ್ತಿದ್ದರು’ ಎಂದು ಯಾರಾದರೂ ಹೇಳಿದರೆ, ಅದು ಸಿದ್ಧವಾದ ಸತ್ಯವಲ್ಲವೆಂದು ತಿಳಿಯತಕ್ಕದ್ದು.

ಅಣಬೆಯು ಬೆಟ್ಟವಿಳಿದು ಪ್ರಯೋಗಶಾಲೆಯನ್ನು ಸೇರಿದ್ದು ಇದರ ಮುಂದಿನ ಹೆಜ್ಜೆ. ವಾಸನ್‌ರೊಡನೆ ಮೆಕ್ಸಿಕೋಗೆ ಹೋಗಿದ್ದ ಫ್ರೆಂಚ್ ವಿಜ್ಞಾನಿ ರೋಜೇ ಹೈಮ್ ಅದನ್ನು ಪ್ಯಾರಿಸ್‌ನಲ್ಲಿ ಕೃತಕವಾಗಿ ಬೆಳೆಸಿದರು. ಆ ಬೆಳೆಯನ್ನು ಪಡೆದವರು ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಸಂಸ್ಥೆಯ ಆಲ್ಬರ್ಟ್ ಹಾಫ್‌ಮನ್. ಪ್ರಾಣಿಗಳ ಮೇಲಿನ ಪರೀಕ್ಷೆಯಿಂದ ಏನೂ ಸ್ಪಷ್ಟವಾಗದಿರಲು ಅವರು 32 ಒಣ ಅಣಬೆಗಳನ್ನು ತಾವೇ ತಿಂದು ನೋಡಿದರು. 1958ರಲ್ಲಿ ಅದರ ಸತ್ವವನ್ನು ಬೇರ್ಪಡಿಸಿ ‘ಸೈಲೋಸೈಬಿನ್’ ಎಂದು ಹೆಸರಿಟ್ಟರು. ದೇಹದಲ್ಲಿ ಇದು ಸೈಲೋಸಿನ್ ಆಗಿ ಮಾರ್ಪಟ್ಟು, ಮಿದುಳಿನಲ್ಲಿ ಸೆರೊಟೋನಿನ್‌ನ ಗ್ರಾಹಕಗಳನ್ನು ಪ್ರಚೋದಿಸುತ್ತದೆ. 1962ರಲ್ಲಿ ಹಾಫ್‌ಮನ್ ತಮ್ಮ ಗುಳಿಗೆಗಳನ್ನು ಹುವಾಟ್ಲಾಗೆ ಕೊಂಡೊಯ್ದು ಮರಿಯಾ ಸಬೀನಾರಿಗೆ ಕೊಟ್ಟರು. ಗುಳಿಗೆಯಲ್ಲಿಯೂ ಅಣಬೆಯ ಚೈತನ್ಯವಿದೆಯೆಂದು ಆಕೆ ಒಪ್ಪಿಕೊಂಡರಂತೆ.

ಅದೇ ವರ್ಷದ ಏಪ್ರಿಲ್‌ನಲ್ಲಿ, ಗುಡ್ ಫ್ರೈಡೇ ದಿನ, ಬಾಸ್ಟನ್ನಿನ ಚರ್ಚೊಂದರಲ್ಲಿ ವಾಲ್ಟರ್ ಪಾಂಕೆ ಎಂಬ ವೈದ್ಯರು ಧರ್ಮಶಾಸ್ತ್ರದ 20 ವಿದ್ಯಾರ್ಥಿಗಳ ಮೇಲೆ ಪ್ರಯೋಗ ನಡೆಸಿದರು. ಹತ್ತು ಮಂದಿಗೆ ಸೈಲೋಸೈಬಿನ್, ಉಳಿದವರಿಗೆ ನಿಕೋಟಿನಿಕ್ ಆಮ್ಲ. ಬಹುಮಂದಿಗೆ ಗಾಢವಾದ ಅನುಭವವಾಯಿತೆಂದು ವರದಿಯಾಯಿತು. ಆದರೆ ಒಬ್ಬ ವಿದ್ಯಾರ್ಥಿ ತೀವ್ರವಾಗಿ ಕಳವಳಗೊಂಡು, ಅವನಿಗೆ ಶಮನದ ಚುಚ್ಚುಮದ್ದು ಕೊಡಬೇಕಾಗಿ ಬಂದಿತ್ತು. ಆ ಸಂಗತಿಯನ್ನು ಪಾಂಕೆ ವರದಿಯಲ್ಲಿ ಬರೆದಿರಲಿಲ್ಲವೆಂದು 1991ರಲ್ಲಿ ರಿಕ್ ಡಾಬ್ಲಿನ್ ಬೆಳಕಿಗೆ ತಂದರು. ಒಳ್ಳೆಯದನ್ನು ಮಾತ್ರ ಹೇಳುವ ವೈದ್ಯಕೀಯ ವರದಿ ಎಷ್ಟು ಅಪಾಯಕಾರಿ ಎಂಬುದಕ್ಕೆ ನಾವು ಇದನ್ನು ಉದಾಹರಿಸುತ್ತೇವೆ.

ಹಾರ್ವರ್ಡಿನಲ್ಲಿ ಇಂತಹ ಪ್ರಯೋಗಗಳನ್ನು ನಡೆಸುತ್ತಿದ್ದ ತಿಮೋತಿ ಲಿಯರಿ ಮತ್ತು ರಿಚರ್ಡ್ ಆಲ್ಪರ್ಟ್ 1963ರಲ್ಲಿ ಕೆಲಸ ಕಳೆದುಕೊಂಡರು. ಆಲ್ಪರ್ಟ್ ಮುಂದೆ ಭಾರತಕ್ಕೆ ಹೋಗಿ, ನೀಮ್ ಕರೋಲಿ ಬಾಬಾರ ಶಿಷ್ಯರಾಗಿ ‘ರಾಮ್ ದಾಸ್’ ಎನಿಸಿದರು. ಅಮೆರಿಕದ 1970ರ ಕಾನೂನು ಮತ್ತು ವಿಶ್ವಸಂಸ್ಥೆಯ 1971ರ ಒಡಂಬಡಿಕೆ ಸೈಲೋಸೈಬಿನ್ನನ್ನು ಅತ್ಯಂತ ಬಿಗಿಯಾದ ನಿರ್ಬಂಧದ ಪಟ್ಟಿಗೆ ಸೇರಿಸಿದವು. ಭಾರತದ 1985ರ ಮಾದಕವಸ್ತು ಕಾಯಿದೆಯಲ್ಲಿಯೂ ಅದು ಸೇರಿದೆ.

ಪ್ರಯೋಗಶಾಲೆಯ ಬಾಗಿಲು ಮುಚ್ಚಿದ ಕಾಲದಲ್ಲಿಯೇ ಮನೆಯ ಬಾಗಿಲು ತೆರೆಯಿತು. 1976ರಲ್ಲಿ ಟೆರೆನ್ಸ್ ಮತ್ತು ಡೆನಿಸ್ ಮೆಕೆನ್ನಾ ಸಹೋದರರು ಗುಪ್ತನಾಮಗಳಲ್ಲಿ ಒಂದು ಕೈಪಿಡಿಯನ್ನು ಪ್ರಕಟಿಸಿದರು. ಪೇಟೆಯ ಅಣಬೆಯನ್ನು ಧಾನ್ಯದ ಮೇಲೆ ಬೆಳೆಸುವ ಕೃಷಿವಿಜ್ಞಾನದ ಕ್ರಮವನ್ನೇ ಅವರು ಇದಕ್ಕೆ ಅಳವಡಿಸಿದ್ದರು. ಅವರು ಆರಿಸಿಕೊಂಡ ತಳಿ, ದನದ ಸಗಣಿಯ ಮೇಲೆ ತಾನಾಗಿ ಹುಟ್ಟುವ, ಉಷ್ಣಪ್ರದೇಶಗಳ ಸೈಲೋಸೈಬ್ ಕ್ಯೂಬೆನ್ಸಿಸ್. ಬೆಟ್ಟ, ಮಳೆಗಾಲ, ಜ್ಞಾನಿ, ಜಾಗರಣೆ ಯಾವುದರ ಹಂಗೂ ಇಲ್ಲದೆ ಗಾಜಿನ ಭರಣಿಯೊಳಗೆ ಅಣಬೆ ಬೆಳೆಯತೊಡಗಿತು.

ಇತ್ತ ಹುವಾಟ್ಲಾದ ಗತಿಯೇನಾಯಿತು? ಅರುವತ್ತರ ದಶಕದ ಕೊನೆಯಲ್ಲಿ ಹಿಪ್ಪಿಗಳು ಅಲ್ಲಿಗೆ ತಂಡೋಪತಂಡವಾಗಿ ಬಂದರು. 1969ರಲ್ಲಿ ಸೈನ್ಯವು ಊರಿನ ದಾರಿಯನ್ನು ತಡೆಯಬೇಕಾಯಿತು. ಮರಿಯಾ ಸಬೀನಾರ ಮನೆಗೆ ಬೆಂಕಿ ಬಿದ್ದಿತು, ಪೋಲೀಸರ ವಿಚಾರಣೆ ನಡೆಯಿತು. ಪರಕೀಯರು ಬರುವ ಮೊದಲು ರೋಗಿಗಳನ್ನು ಗುಣಪಡಿಸಲು ಮಾತ್ರ ಅಣಬೆಯನ್ನು ಬಳಸುತ್ತಿದ್ದೆವು, ಅವರು ಬಂದ ಮೇಲೆ ಅದರ ಶಕ್ತಿಯೇ ಕುಂದಿತು ಎಂದು ಆಕೆ ಕೊನೆಗಾಲದಲ್ಲಿ ನೊಂದು ನುಡಿದರು. 1985ರಲ್ಲಿ ಬಡತನದಲ್ಲಿಯೇ ಕಣ್ಮುಚ್ಚಿದರು.

ವೈದ್ಯಶಾಸ್ತ್ರ ಈ ವಿಷಯಕ್ಕೆ ಮರಳಿದ್ದು ಬಹಳ ತಡವಾಗಿ. 2006ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ರೋಲಂಡ್ ಗ್ರಿಫಿತ್ಸ್ ಅವರ ತಂಡ 36 ಆರೋಗ್ಯವಂತರ ಮೇಲಿನ ಅಧ್ಯಯನವನ್ನು ಪ್ರಕಟಿಸಿತು. 2016ರಲ್ಲಿ ಹಾಪ್ಕಿನ್ಸ್‌ನ 51 ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯದ 29 ಕ್ಯಾನ್ಸರ್ ರೋಗಿಗಳಲ್ಲಿ ಖಿನ್ನತೆ, ಭೀತಿಗಳು ಇಳಿದುದು ಕಂಡುಬಂತು. ವ್ಯಾಲೆಂಟೀನಾರ ಊಹೆಗೆ ಆಧಾರ ದೊರೆಯಲು ಸುಮಾರು ಅರುವತ್ತು ವರ್ಷಗಳು ಬೇಕಾದವು. ಆದರೆ ಈ ಅಧ್ಯಯನಗಳ ಕ್ರಮವನ್ನು ಗಮನಿಸಬೇಕು. ಸ್ವತಃ ಅಥವಾ ಹತ್ತಿರದ ಬಂಧುಗಳಲ್ಲಿ ಸ್ಕಿಜೋಫ್ರೇನಿಯಾದಂತಹ ಮನೋರೋಗ ಇದ್ದವರನ್ನು ಮೊದಲೇ ಹೊರಗಿಡುತ್ತಾರೆ. ಅಳೆದ ಪ್ರಮಾಣದ ಔಷಧ, ಶಾಂತವಾದ ಕೋಣೆ, ದಿನವಿಡೀ ಪಕ್ಕದಲ್ಲಿ ಕುಳಿತಿರುವ ಇಬ್ಬರು ಮಾರ್ಗದರ್ಶಕರು, ಆ ಬಳಿಕವೂ ಹಲವು ಭೇಟಿಗಳು. ಹುವಾಟ್ಲಾದ ಜಾಗರಣೆಯಲ್ಲಿದ್ದ ಕಟ್ಟುಪಾಡನ್ನೇ ವಿಜ್ಞಾನ ಬೇರೆ ವೇಷದಲ್ಲಿ ಮರಳಿ ಕಟ್ಟಿಕೊಂಡಿದೆಯೆಂದು ಧಾರಾಳವಾಗಿ ಹೇಳಬಹುದು. ಮನೆಯ ಭರಣಿಯಲ್ಲಿ ಅಣಬೆ ಬೆಳೆದೀತು, ಈ ಕಟ್ಟುಪಾಡು ಬೆಳೆಯಲಾರದು.

ಆದುದರಿಂದ ಪೋಷಕರಿಗೆ ಕೆಲವು ಮಾತುಗಳು. ಮನೆಯಲ್ಲಿ ಬೆಳೆದ ಅಣಬೆಯಲ್ಲಿ ಸತ್ವವೆಷ್ಟಿದೆಯೆಂದು ಕಣ್ಣಿನಿಂದ ತಿಳಿಯದು. ಒಂದೇ ಬೆಳೆಯಲ್ಲಿಯೂ ಅದು ಏರುಪೇರಾಗಿರುತ್ತದೆ. ಕಾಡಿನಿಂದ ಆರಿಸುವುದು ಮತ್ತೂ ಅಪಾಯಕರ. ನೋಡಲು ಹೋಲುವ ಗ್ಯಾಲರೀನಾ ಜಾತಿಯ ಅಣಬೆಗಳಲ್ಲಿ ಯಕೃತ್ತನ್ನೇ ನಾಶಮಾಡುವ ವಿಷವಿದೆ. ಸಂಶಯ ಬಂದರೆ ಲಕ್ಷಣಗಳಿಗಾಗಿ ಕಾಯದೆ ವಿಷಚಿಕಿತ್ಸಾ ಕೇಂದ್ರಕ್ಕೆ, 1-800-222-1222ಕ್ಕೆ, ಫೋನ್ ಮಾಡತಕ್ಕದ್ದು.

ಕಾನೂನಿನ ವಿಷಯವನ್ನೂ ತಿಳಿದಿರಬೇಕು. ಆರೆಗಾನ್ ರಾಜ್ಯವು 2020ರ ಮತದಾನದಿಂದ ಮೇಲ್ವಿಚಾರಣೆಯಲ್ಲಿ ನಡೆಯುವ ಸೇವನೆಗೆ ಅವಕಾಶ ಕೊಟ್ಟಿತು. ಕೊಲೊರಾಡೊ 2022ರ ಮತದಾನದಿಂದ 21 ವರ್ಷ ತುಂಬಿದವರು ಸ್ವಂತಕ್ಕಾಗಿ ಮನೆಯಲ್ಲಿ ಬೆಳೆಸುವುದನ್ನೂ ಅಪರಾಧದ ಪಟ್ಟಿಯಿಂದ ತೆಗೆಯಿತು. ಆದರೆ ಫೆಡರಲ್ ಕಾನೂನಿನಲ್ಲಿ ಅದು ಇನ್ನೂ ಅಪರಾಧವೇ, ಮತ್ತು ವಲಸೆಯ ವ್ಯವಹಾರ ನಡೆಯುವುದು ಫೆಡರಲ್ ಕಾನೂನಿನ ಪ್ರಕಾರ. ವೀಸಾ ಅಥವಾ ಗ್ರೀನ್ ಕಾರ್ಡಿನಲ್ಲಿರುವವರಿಗೆ ಒಂದು ಮಾದಕವಸ್ತು ಪ್ರಕರಣ ಗಡಿಪಾರಿನವರೆಗೂ ಹೋಗಬಹುದು. ಸಹಪಾಠಿಗೆ ಸಣ್ಣದಾಗಿ ಮುಗಿಯುವ ತಪ್ಪು ನಮ್ಮ ಮಗುವಿಗೆ ಹಾಗೆ ಮುಗಿಯದಿರಬಹುದು.

ಕೊನೆಯ ಮಾತೇ ನಮಗೆ ಮುಖ್ಯವಾದದ್ದು. ಮರಿಯಾ ಸಬೀನಾರ ಮನೆಗೆ ಬರುತ್ತಿದ್ದವರಿಗೆ ಮೊದಲು ಎದುರಾಗುತ್ತಿದ್ದ ಪ್ರಶ್ನೆ ‘ಏನು ಕಾಯಿಲೆ?’ ಎಂಬುದು. ಮಗನ ಅಥವಾ ಮಗಳ ಕೋಣೆಯಲ್ಲಿ ಇಂತಹ ಭರಣಿ ಕಂಡರೆ ಗದರಿಸುವ ಮುನ್ನ ಆ ಪ್ರಶ್ನೆಯನ್ನೇ ಕೇಳಿರಿ. ಬರಿಯ ಕುತೂಹಲವಿರಬಹುದು. ನಿದ್ರೆಯಿಲ್ಲದ ರಾತ್ರಿಗಳು, ಯಾರಿಗೂ ಹೇಳಲಾಗದ ಖಿನ್ನತೆ ಇರಲೂಬಹುದು. ಮನಸ್ಸಿನ ಕಾಯಿಲೆಯನ್ನು ನಾಲ್ಕು ಜನರಿಗೆ ತಿಳಿಯಬಾರದೆಂದು ಮುಚ್ಚಿಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಬಲವಾಗಿದೆ. ಅಂತಹ ಮನೆಯ ಮಕ್ಕಳು ವೈದ್ಯರ ಬಳಿಗೆ ಬಾರದೆ ತಮ್ಮ ಔಷಧವನ್ನು ತಾವೇ ಹುಡುಕಿಕೊಳ್ಳುತ್ತಾರೆ. ಅಣ್ಣನಿಗೋ ಚಿಕ್ಕಪ್ಪನಿಗೋ ಇದ್ದ ಮನೋರೋಗವನ್ನು ಅವರಿಂದ ಬಚ್ಚಿಟ್ಟರೆ, ತಮಗಿರುವ ಅಪಾಯವೂ ಅವರಿಗೆ ತಿಳಿಯುವುದಿಲ್ಲ. ದಯವಿಟ್ಟು ಅದನ್ನು ಮಕ್ಕಳಿಗೆ ಹೇಳಿರಿ, ನಿಮ್ಮ ವೈದ್ಯರಿಗೂ ಹೇಳಿರಿ.