ಬೆಂಗಳೂರು-ಮೈಸೂರು: ನಡುವಿನ ಊರುಗಳ ಲೆಕ್ಕ

ಮೊನ್ನೆ ಊಟದ ಹೊತ್ತಲ್ಲಿ ಉತ್ತರದ ಕಡೆಯ ಸಹೋದ್ಯೋಗಿಯೊಬ್ಬ "ಬೆಂಗಳೂರಿಂದ ಮೈಸೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು?" ಅಂತ ಕೇಳಿದ. ನಗು ಬಂತು. ಆದ್ರೆ ಪ್ರಶ್ನೆ ಅಷ್ಟೇನೂ ಪೆದ್ದಲ್ಲ. 2010ರಲ್ಲಿ ಮೈಸೂರಿನ ಮಂಡಕಳ್ಳಿಗೆ ಕಿಂಗ್‌ಫಿಷರ್ ವಿಮಾನ ಶುರುವಾಗಿತ್ತು. ಆಕಾಶದಲ್ಲಿ ಮುಕ್ಕಾಲು ಗಂಟೆ ಸಾಕು. ಆದ್ರೆ ಬೆಂಗಳೂರಿನ ನಿಲ್ದಾಣ 2008ರಲ್ಲೇ ದೇವನಹಳ್ಳಿಗೆ ಹೋಗಿತ್ತಲ್ಲ, ಮೈಸೂರಿಗೆ ಹೊರಟವನು ಮೊದಲು ಮೈಸೂರಿಗೆ ಬೆನ್ನು ಹಾಕಿ ಹೋಗಬೇಕು :) ಆ ಹಾರಾಟ ಹೆಚ್ಚು ದಿನ ನಡೀಲಿಲ್ಲ. 2019ರಲ್ಲಿ ಉಡಾನ್ ಯೋಜನೆಯಲ್ಲಿ ಮತ್ತೆ ಶುರು ಮಾಡಿದರು.

ನಾನು ಮಳವಳ್ಳಿ ಕಡೆಯವನು. ನಮಗೆ ಈ ಎರಡು ಊರುಗಳ ದೂರಕ್ಕಿಂತ, ಆ ದಾರಿ ಯಾವ ಊರನ್ನ ಬಿಟ್ಟು ಹೋಯ್ತು ಅನ್ನೋದೇ ಮುಖ್ಯ.

ಒಂದು ಕಾಲಕ್ಕೆ ದಾರಿ ನಮ್ಮೂರ ಮೇಲೇ ಇತ್ತು. 1799ರಲ್ಲಿ ಜನರಲ್ ಹ್ಯಾರಿಸ್‌ನ ಸೈನ್ಯ ಶ್ರೀರಂಗಪಟ್ಟಣಕ್ಕೆ ಹೊರಟಾಗ ಹಿಡಿದದ್ದು ಕನಕಪುರ-ಮಳವಳ್ಳಿ ದಾರಿ. ಮಾರ್ಚ್ 27ಕ್ಕೆ ಮಳವಳ್ಳಿಯಲ್ಲಿ ಟಿಪ್ಪು ಸೈನ್ಯದ ಜತೆ ಕಾಳಗ. ಆಮೇಲೆ ಸೋಸಲೆ ಹತ್ರ ಕಾವೇರಿ ದಾಟಿ ಪಟ್ಟಣದ ಮುಂದೆ ಬೀಡುಬಿಟ್ಟದ್ದು ಏಪ್ರಿಲ್ 5ಕ್ಕೆ. ಇವತ್ತು ಬಸ್ಸಲ್ಲಿ ಒಂದೂವರೆ ಗಂಟೆಯ ಹಾದಿ; ಫಿರಂಗಿ, ಎತ್ತು, ಗಾಡಿ ಕಟ್ಟಿಕೊಂಡ ಅವರಿಗೆ ಒಂಬತ್ತು ದಿನ.

ರೈಲು ಬಂದಾಗ ಲೆಕ್ಕ ಬದಲಾಯ್ತು. 1876-78ರ ಧಾತು-ಈಶ್ವರ ಬರದಲ್ಲಿ ಹಸಿದವರಿಗೆ ಕೂಲಿ ಆಗಲಿ ಅಂತಲೂ ಹಳಿ ಕೆಲಸ ನಡೆಯಿತು. 1882ರ ಹೊತ್ತಿಗೆ ಸುಮಾರು 139 ಕಿ.ಮೀ. ಮೀಟರ್ ಗೇಜ್ ಮೈಸೂರು ಮುಟ್ಟಿತು, ಮದ್ದೂರು-ಮಂಡ್ಯದ ಮೇಲೆ. ಮಳವಳ್ಳಿಗೆ ಇವತ್ತಿಗೂ ರೈಲಿಲ್ಲ. ತಮಾಷೆ ಅಂದ್ರೆ, 1902ರಲ್ಲಿ ನಮ್ಮ ತಾಲ್ಲೂಕಿನ ಶಿವನಸಮುದ್ರದಿಂದ ಕರೆಂಟು ಮಾತ್ರ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಓಡಿತು!

ಮದ್ದೂರಿಗೆ ಹೆಸರು ಬಂದದ್ದೇ ರೈಲು ನಿಂತಿದ್ದರಿಂದ. 1917ರಲ್ಲಿ ರಾಮಚಂದ್ರ ಬುಧ್ಯ ಅನ್ನುವವರು ಸ್ಟೇಷನ್ನಿನಲ್ಲಿ ಪಕೋಡ ಮಾರುತ್ತಿದ್ದರಂತೆ. ಒಂದು ದಿನ ಪಕೋಡ ಆಗೋದ್ರೊಳಗೆ ರೈಲು ಬಂದೇಬಿಡ್ತು, ಗಡಿಬಿಡಿಯಲ್ಲಿ ಹಿಟ್ಟನ್ನೇ ತಟ್ಟಿ ಎಣ್ಣೆಗೆ ಬಿಟ್ಟರು, ಅದೇ ಮದ್ದೂರು ವಡೆ ಅನ್ನೋದು ಕಥೆ.

ಆಮೇಲಿನದೆಲ್ಲ ಅವಸರವೇ. ಜೋಡಿ ಹಳಿಗೆ ಅಡ್ಡ ಬಂತು ಅಂತ 2017ರಲ್ಲಿ ಶ್ರೀರಂಗಪಟ್ಟಣದ ಟಿಪ್ಪು ಮದ್ದಿನಮನೆಯನ್ನ, ಸುಮಾರು ಸಾವಿರ ಟನ್ ಕಟ್ಟಡವನ್ನ, ಇಡಿಯಾಗಿ ನೂರು ಮೀಟರಿಗೂ ಆಚೆ ಸರಿಸಿಟ್ಟರು. 2023ರ ಮಾರ್ಚ್ 12ಕ್ಕೆ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ 118 ಕಿ.ಮೀ. ಎಕ್ಸ್‌ಪ್ರೆಸ್‌ವೇ ಉದ್ಘಾಟನೆ. ಮೂರು ಗಂಟೆ ಹಾದಿ 75 ನಿಮಿಷಕ್ಕೆ ಇಳಿಯುತ್ತೆ ಅಂದ್ರು. ಮಂಡ್ಯಕ್ಕೆ ಬೈಪಾಸ್, ಮದ್ದೂರಿಗೆ ತಲೆ ಮೇಲೆ ಮೇಲ್ಸೇತುವೆ. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರಿಗೆ ಪ್ರವೇಶವಿಲ್ಲ. ಕಬ್ಬಿನ ಸೀಮೆಯಲ್ಲಿ ಟ್ರ್ಯಾಕ್ಟರಿಗೇ ಜಾಗವಿಲ್ಲದ ರಸ್ತೆ! ಸುಮಾರು ನೂರನಲವತ್ತು ವರ್ಷ ಎಲ್ಲರ ದಾರಿಯಾಗಿದ್ದ ಊರಿಗೂ ಕೊನೆಗೆ ಮಳವಳ್ಳಿಯ ಗತಿಯೇ ಬಂತೇನೋ ಅನ್ನಿಸಿ ಸ್ವಲ್ಪ ಹೊಟ್ಟೆ ಉರಿಯಿತು, ನಿಜ ಹೇಳ್ತೀನಿ, ಸ್ವಲ್ಪ ಸಮಾಧಾನವೂ ಆಯ್ತು.

ಸಹೋದ್ಯೋಗಿಗೆ ಮದ್ದೂರಲ್ಲಿ ನಿಲ್ಲುವ ರೈಲು ಹತ್ತು ಅಂದೆ. ನಾನು ಊರಿಗೆ ಹೋಗುವಾಗ ಅಲ್ಲೇ ಇಳಿದು, ವಡೆ ಕಟ್ಟಿಸಿಕೊಂಡು, ಮಳವಳ್ಳಿ ಬಸ್ಸಿಗೆ ಕಾಯ್ತೀನಿ. ಇನ್ನೂ ಸುಮಾರು 25 ಕಿ.ಮೀ. ಇದೆ.