ಭಾರ ಯಾರ ತಲೆ ಮೇಲೆ?

ಹಡಗು ಸಾಗಾಟದ ಸಾಫ್ಟ್‌ವೇರ್ ಪ್ರಾಜೆಕ್ಟ್‌ಗೆ ನನ್ನನ್ನ ಹಾಕಿದ ಮೊದಲ ವಾರ ತಲೆ ಕೆಡಿಸಿದ್ದು ಕೋಡ್ ಅಲ್ಲ, ಒಂದು ಡ್ರಾಪ್‌ಡೌನ್. ಅದರಲ್ಲಿ ಹನ್ನೊಂದು ಆಯ್ಕೆ, ಎಲ್ಲವೂ ಮೂರು ಮೂರು ಅಕ್ಷರದವು. ಇಎಕ್ಸ್‌ಡಬ್ಲ್ಯೂ, ಎಫ್‌ಒಬಿ, ಸಿಐಎಫ್ ಹೀಗೆ. ಅರ್ಥ ಕೇಳಿದ್ರೆ ಟೀಮ್ ಲೀಡ್, "ಅದು ಮಾಸ್ಟರ್ ಡೇಟಾ, ಮುಟ್ಟಬೇಡ" ಅಂದ್ರು.

ಅರ್ಥ ಆಗಿದ್ದು ಊರಿಗೆ ಹೋದಾಗ. ನಮ್ಮದು ಹಾಸನ-ಬೇಲೂರು ರಸ್ತೆಯಿಂದ ಒಳಗಿರೋ ದೊಡ್ಡಗದ್ದವಳ್ಳಿ. ಅಪ್ಪ ಆಲೂಗಡ್ಡೆ ಮೂಟೆ ಹೊಲಿಸ್ತಾ ಹೇಳಿದ್ರು: "ಹೊಲದಲ್ಲೇ ಕೊಟ್ರೆ ಒಂದು ರೇಟು, ಮಂಡಿಗೆ ಹಾಕಿದ್ರೆ ಇನ್ನೊಂದು. ದಾರೀಲಿ ಕೊಳೆತ್ರೆ ಯಾರ ತಲೆ ಮೇಲೆ ಅನ್ನೋದೇ ವ್ಯಾಪಾರ ಕಣೋ."

ಹೊಲದಲ್ಲೇ ಕೊಡೋದು ಅಂದ್ರೆ ಅದೇ ಇಎಕ್ಸ್‌ಡಬ್ಲ್ಯೂ! ಮಾರುವವನ ಜಾಗದಿಂದಲೇ ಸರಕು ಎತ್ಕೊಂಡು ಹೋಗು, ಮುಂದಿನದೆಲ್ಲ ನಿನ್ನದು ಅಂತ. ಎಫ್‌ಒಬಿ ಅಂದ್ರೆ ಮಾರುವವನು ಸರಕನ್ನ ಹಡಗಿಗೆ ಹತ್ತಿಸಿಕೊಡಬೇಕು, ಆಮೇಲೆ ಮುಳುಗಿದ್ರೂ ತೇಲಿದ್ರೂ ಕೊಂಡವನದು. ಸಿಐಎಫ್ ಸ್ವಲ್ಪ ಮೋಸದ್ದು. ಹಡಗಿನ ಬಾಡಿಗೆ, ವಿಮೆ ಎರಡನ್ನೂ ಮಾರುವವನೇ ಕಟ್ಟುತ್ತಾನೆ. ಹಾಗಾಗಿ ಕೊನೆವರೆಗೂ ಹೊಣೆ ಅವನದೇ ಅಂತ ಎಲ್ಲರೂ ಅಂದ್ಕೋತಾರೆ. ಆದ್ರೆ ಇಲ್ಲೂ ಸರಕು ಹಡಗು ಹತ್ತಿದ ಕ್ಷಣಕ್ಕೇ ನಷ್ಟದ ಹೊಣೆ ಕೊಂಡವನ ತಲೆಗೆ ಬರುತ್ತೆ. ದುಡ್ಡು ಕಟ್ಟುವವನು ಒಬ್ಬ, ಭಾರ ಹೊರುವವನು ಇನ್ನೊಬ್ಬ. ಒಂದೊಂದು ದೇಶದಲ್ಲಿ ಈ ಪದಗಳಿಗೆ ಒಂದೊಂದು ಅರ್ಥ ಇದ್ದು ಜಗಳ ಆಗ್ತಿದ್ದರಿಂದ, ಪ್ಯಾರಿಸ್‌ನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಲ್ಲಿ ಇವನ್ನ 'ಇನ್‌ಕೋಟರ್ಮ್ಸ್' ಅಂತ ಬರೆದಿಟ್ಟಿತು. ನನ್ನ ಡ್ರಾಪ್‌ಡೌನ್‌ನಲ್ಲಿದ್ದ ಹನ್ನೊಂದು 2020ರ ಆವೃತ್ತಿಯವು.

ಇದೆಲ್ಲ ಪರದೇಶದವರ ಲೆಕ್ಕ ಅಂತ ಅನ್ನಿಸಿದ್ರೆ ನಮ್ಮೂರ ಕೆರೆ ಪಕ್ಕದ ಲಕ್ಷ್ಮೀದೇವಿ ಗುಡಿ ನೋಡಿ. ವಿಷ್ಣುವರ್ಧನನ ಕಾಲದಲ್ಲಿ, 1113-14ರ ಸುಮಾರಿಗೆ ಇದನ್ನ ಕಟ್ಟಿಸಿದ್ದು ರಾಜನಲ್ಲ, ಕುಲ್ಲಹಣ ರಾಹುತ ಅನ್ನೋ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ವ್ಯಾಪಾರದ ದುಡ್ಡಿನಿಂದ ಎದ್ದ ಗುಡಿ. ಆ ಕಾಲದ ಕನ್ನಡ ಶಾಸನಗಳಲ್ಲಿ ಸಾಗಾಟದ ಪದಗಳಿಗೆ ಬರ ಇರಲಿಲ್ಲ. ಎತ್ತು, ಕತ್ತೆ ಮೇಲಿನ ಸರಕು 'ಹೇರು'. ಸುಂಕ ಹಾಕ್ತಿದ್ದಿದ್ದು ಹೇರಿನ ಲೆಕ್ಕದಲ್ಲಿ. ದೊಡ್ಡ ಸುಂಕ 'ಪೆರ್ಜುಂಕ', ಚಿಲ್ಲರೆ ಸುಂಕ 'ಕಿರುಕುಳ'. ಹೌದು, ಕಿರುಕುಳ! ಟ್ಯಾಕ್ಸ್ ಕಟ್ಟುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಅದೇ ವಿಷ್ಣುವರ್ಧನ ಆಳ್ತಿದ್ದಾಗ, ಘಟ್ಟದ ಕೆಳಗೆ ಮಂಗಳೂರಲ್ಲಿ ಅಬ್ರಹಾಂ ಬೆನ್ ಯಿಜು ಅನ್ನೋ ಯಹೂದಿ ವರ್ತಕ ಇದ್ದ. ಸುಮಾರು 1132ರಿಂದ 1149ರವರೆಗೆ ಭಾರತದಲ್ಲಿದ್ದು ಮೆಣಸು, ಕಬ್ಬಿಣ, ಅಡಿಕೆ, ಏಲಕ್ಕಿ ಏಡನ್‌ಗೆ ಕಳಿಸ್ತಿದ್ದ. ಅವನ ಪತ್ರಗಳು ಕೈರೋದ ಹಳೇ ಯಹೂದಿ ಪ್ರಾರ್ಥನಾ ಮಂದಿರದ ಕಾಗದದ ರಾಶಿಯಲ್ಲಿ ಉಳ್ಕೊಂಡವು. ಅವನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ಮಾಡ್ತಿದ್ದವನ ಹೆಸರು ಬೊಮ್ಮ. ಅಮಿತಾವ್ ಘೋಷ್ 1992ರಲ್ಲಿ ಬರೆದ 'ಇನ್ ಆ್ಯನ್ ಆಂಟಿಕ್ ಲ್ಯಾಂಡ್' ಇವನನ್ನೇ ಹುಡುಕಿಕೊಂಡು ಹೋದ ಪುಸ್ತಕ.

ಆ ಪತ್ರಗಳಲ್ಲಿ ಮೆಣಸು, ಕಬ್ಬಿಣ ಅಳೆಯೋ ಮಾನ 'ಬಹಾರ್'. ಅರಬ್ಬಿ ಪದ, ಆದರೆ ಮೂಲ ಸಂಸ್ಕೃತದ 'ಭಾರ'. ಅಪ್ಪ ಮೂಟೆ ಎತ್ತುವಾಗ "ಭಾರ ಐತೆ, ಹುಷಾರು" ಅಂತಾರಲ್ಲ, ಅದೇ ಭಾರ. ಮುಂದೆ ಪೋರ್ಚುಗೀಸರೂ ಮೆಣಸನ್ನ ಬಹಾರ್ ಲೆಕ್ಕದಲ್ಲೇ ಕೊಂಡರು. ನಾವು ಬರೀ 'ಬಂದರು', 'ಲಂಗರು' ಅಂತ ಪಾರ್ಸಿಯಿಂದ ಸಾಲ ತಂದವರಲ್ಲ, ಈ ಕಡೆಯಿಂದಲೂ ಪದ ಹಡಗು ಹತ್ತಿದೆ.

ನನಗೆ ತುಂಬಾ ಹಿಡಿಸಿದ್ದು ಏಡನ್‌ನಿಂದ ಬೆನ್ ಯಿಜುಗೆ ಬಂದ ಒಂದು ಪತ್ರ. ಸರಕಿನ ಹಡಗು ಬಾಬ್ ಎಲ್ ಮಂದೆಬ್ ಹತ್ತಿರ ಮುಳುಗಿತು. ಮೆಣಸು ಪೂರ್ತಿ ಹೋಯ್ತು. ಕಬ್ಬಿಣಕ್ಕೆ ಏಡನ್‌ನಿಂದ ಮುಳುಗುಗಾರರನ್ನ ಕರೆಸಿ ಸುಮಾರು ಅರ್ಧ ಎತ್ತಿಸಿದರು. ಮುಳುಗಿದವರ ಕೂಲಿ, ಸಾಗಾಟದ ಖರ್ಚು ಕಳೆದು ಉಳಿದದ್ದನ್ನ ಪಾಲು ಹಾಕಿದರು. ಏನಾಯ್ತು, ಎಷ್ಟು ಸಿಕ್ತು, ಎಷ್ಟು ಖರ್ಚು ಅಂತ ಸಮುದ್ರದ ಆಚೆ ಇರೋ ಪಾಲುದಾರನಿಗೆ ತಿಳಿಸಿದ್ದಾರೆ.

ಸುಮಾರು 900 ವರ್ಷ ಆದ್ಮೇಲೆ ಒಂದು ಮಳೆಗಾಲ ಅಪ್ಪನಿಗೆ ಸಿಕ್ಕಿದ್ದು ಒಂದು ಚೀಟಿ. ಅದರಲ್ಲಿ 'ಕೊಳೆತ' ಅಂತ ಬರೆದು ಒಂದು ಮೊತ್ತ ಕಳೆದಿದ್ರು, ಅಷ್ಟೇ. ಎಷ್ಟು ಮೂಟೆ, ಎಲ್ಲಿ ಕೊಳೀತು, ಮಾತಾಗಿದ್ದಾಗ ಹೊಣೆ ಯಾರದಿತ್ತು, ಒಂದೂ ಇಲ್ಲ. ಅಪ್ಪನಿಗೆ ವ್ಯಾಪಾರ ಗೊತ್ತಿತ್ತು. ಗೊತ್ತಿರೋದು ಕಾಗದದ ಮೇಲೆ ಇರಲಿಲ್ಲ. ಆ ಮೂರಕ್ಷರದ ಪದಗಳು ಮಾಡೋ ಒಂದು ಮುಖ್ಯ ಕೆಲಸ ಇದು: ಭಾರ ಎಲ್ಲಿ ಕೈ ಬದಲಾಗುತ್ತೆ ಅನ್ನೋದನ್ನ ಮೊದಲೇ ಬರೆದಿಡೋದು. ಬರೆಯದೇ ಇದ್ರೆ ಅದು ಯಾವಾಗಲೂ ದುರ್ಬಲನ ತಲೆ ಮೇಲೇ ಬಂದು ಕೂರುತ್ತೆ.

ಮುಂದಿನ ಬೆಳೆಗೆ ನಾವು ಚೀಟಿ ಮೇಲೆ ಒಂದು ಸಾಲು ಬರೆಸಿದ್ವಿ: 'ಲಾರಿ ಹತ್ತಿದ ಮೇಲೆ ಹೊಣೆ ಕೊಂಡವರದು.' ವ್ಯಾಪಾರಿ ನಕ್ಕು, ಮೂಟೆಗೆ ಒಂದಿಷ್ಟು ರೇಟು ಇಳಿಸಿ, ಸಹಿ ಹಾಕಿದ. ಕಮ್ಮಿ ಆಯ್ತಲ್ಲಪ್ಪಾ ಅಂದೆ.

"ಆಗ್ಲಿ ಬಿಡು," ಅಂದ್ರು ಅಪ್ಪ. "ಈ ಸಲ ಮಳೆ ಬಂದ್ರೂ ರಾತ್ರಿ ನಿದ್ದೆ ಬರುತ್ತೆ."