ಒಂದೇ ಕಾರು: ವೋಲ್ಗಾ ದಂಡೆಯ ಹಿಮದಲ್ಲಿ, ನಮ್ಮ ಬೀದಿಯ ಮಳೆಯಲ್ಲಿ

ಈ ವಾರದ ವಿಡಿಯೊದ ಬರಹ ರೂಪ ಇದು. ಲೋಕಲ್‌ನಲ್ಲಿ ನಿಂತುಕೊಂಡೇ ಓದೋರಿಗೆ ಅನುಕೂಲ ಆಗಲಿ ಅಂತ ಮಾತನ್ನ ಸ್ವಲ್ಪ ತಿದ್ದಿ ಹಾಕಿದ್ದೀನಿ.

ಡೊಂಬಿವಲಿ ಪೂರ್ವದಿಂದ ಕಲ್ಯಾಣ್–ಶಿಲ್ ರಸ್ತೆ ಹಿಡಿದು ಐರೋಲಿ, ಮಹಾಪೆ ಕಡೆ ಆಫೀಸಿಗೆ ಹೋಗೋರು ನಮ್ಮಲ್ಲಿ ತುಂಬಾ ಜನ ಇದ್ದೀರಿ. ಆ ದಾರಿಯಲ್ಲಿ 'ಪ್ರೀಮಿಯರ್ ಕಾಲೊನಿ', 'ಪ್ರೀಮಿಯರ್ ಗ್ರೌಂಡ್' ಅನ್ನೋ ಹೆಸರು ಕೇಳಿರ್ತೀರಿ. ಈಗ ಅಲ್ಲಿ ಕಾಣೋದು ಟವರ್‌ಗಳು. ಹೆಸರು ಮಾತ್ರ ಒಂದು ಕಾರು ಕಂಪನಿಯದು. ಪದ್ಮಿನಿ ಕಾರು ಮಾಡಿದ ಪ್ರೀಮಿಯರ್ ಆಟೊಮೊಬೈಲ್ಸ್. ಅದರ ಮೂಲ ಕಾರ್ಖಾನೆ ಕುರ್ಲಾದಲ್ಲಿ, ಇನ್ನೊಂದು ನಮ್ಮ ಡೊಂಬಿವಲಿಯಲ್ಲಿ. 1990ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೊ 309 ತಯಾರಾಗಿದ್ದೂ ಈ ಡೊಂಬಿವಲಿ ಕಾರ್ಖಾನೆಯಲ್ಲೇ.

ಈ ಕಂಪನಿಯ ಕಥೆಯಲ್ಲಿ ಕನ್ನಡದ ಎಳೆಯೊಂದಿದೆ, ಅದನ್ನ ಮೊದಲು ಹೇಳಿಬಿಡ್ತೀನಿ. ಭಾರತದಲ್ಲೇ ಕಾರು ತಯಾರಾಗಬೇಕು ಅಂತ 1930ರ ದಶಕದಲ್ಲಿ ಹಟ ಹಿಡಿದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯ. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅಮೆರಿಕ, ಯೂರೋಪಿನ ಕಾರು ಕಾರ್ಖಾನೆಗಳನ್ನ ನೋಡಿ ಬಂದು ಯೋಜನೆ ಬರೆದರು. ಅವರ ಜೊತೆ ನಿಂತ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಬ್ರಿಟಿಷ್ ಸರ್ಕಾರ ಸಹಕಾರ ಕೊಡಲಿಲ್ಲ. ಅದೇ ವಾಲ್‌ಚಂದ್ 1940ರಲ್ಲಿ ಮೈಸೂರು ಸಂಸ್ಥಾನದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆಗೆದರು. ಇವತ್ತಿನ ಎಚ್‌ಎಎಲ್ ಅದೇ. 1944ರಲ್ಲಿ ಪ್ರೀಮಿಯರ್ ಶುರುವಾಯಿತು. ಕುರ್ಲಾದಿಂದ ಮೊದಲ ವಾಹನಗಳು ಹೊರಬಿದ್ದದ್ದು 1947ರಲ್ಲಿ. ಮೊದಲು ಅಮೆರಿಕದ ಕ್ರೈಸ್ಲರ್ ಗಾಡಿಗಳು, ಆಮೇಲೆ 1950ರ ದಶಕದಲ್ಲಿ ಇಟಲಿಯ ಫಿಯೆಟ್.

ಈಗ ವಿಷಯಕ್ಕೆ ಬರೋಣ. ಫಿಯೆಟ್ ಊರು ಟ್ಯೂರಿನ್, ಆಲ್ಪ್ಸ್ ಬೆಟ್ಟಗಳ ಬುಡದಲ್ಲಿದೆ. ಚಳಿಗಾಲದಲ್ಲಿ ಹಿಮ ಕಾಣೋ ಊರು. ಅಲ್ಲಿ ಹುಟ್ಟಿದ ಕಾರು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ಹರಿದು ಸುರಿಯೋ ನಮ್ಮ ಕಡೆ ಹೇಗೆ ಬದುಕಿತು? ಅದಕ್ಕಿಂತ ಹೆಚ್ಚು ಹಿಮ ಬೀಳೋ ಕಡೆ ಹೋದಾಗ ಅದೇ ಕಂಪನಿಯ ಕಾರು ಏನಾಯಿತು?

1966ರಲ್ಲಿ ಫಿಯೆಟ್ 124 ಅನ್ನೋ ಕಾರು ಬಂತು. 1967ರ 'ಯೂರೋಪಿನ ವರ್ಷದ ಕಾರು' ಪ್ರಶಸ್ತಿ ಅದಕ್ಕೇ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಒಂದು ರೆಪೊ, ಹಲವು ಫೋರ್ಕ್. ಸ್ಪೇನ್‌ನಲ್ಲಿ ಸಿಯಾಟ್ 124, ಟರ್ಕಿಯಲ್ಲಿ ಮುರಾತ್ 124, ಸೋವಿಯತ್ ರಷ್ಯಾದಲ್ಲಿ ಜಿಗುಲಿ. ಹೊರದೇಶದಲ್ಲಿ ಲಾಡಾ ಅಂತ ಮಾರಾಟವಾಗಿದ್ದು ಈ ಜಿಗುಲಿಯೇ. ಕೊನೆಗೆ 1985ರಲ್ಲಿ ನಮ್ಮಲ್ಲಿ ಪ್ರೀಮಿಯರ್ 118ಎನ್‌ಇ. 'ಎನ್‌ಇ' ಅಂದ್ರೆ ನಿಸ್ಸಾನ್ ಎಂಜಿನ್. ಫಿಯೆಟ್ ಮೈಗೆ 1171 ಸಿಸಿಯ ಜಪಾನಿ ಹೃದಯ.

ರಷ್ಯಾದ ಫೋರ್ಕ್ ನೋಡಿ. ವೋಲ್ಗಾ ದಂಡೆಯ ಟೊಲಿಯಾಟ್ಟಿ ಊರಿನಲ್ಲಿ ಕಾರ್ಖಾನೆ. ಊರಿನ ಹೆಸರೇ ಇಟಲಿಯ ಕಮ್ಯುನಿಸ್ಟ್ ನಾಯಕ ತೊಲ್ಯಾತ್ತಿಯದು. 1970ರಲ್ಲಿ ಮೊದಲ ಕಾರು ಹೊರಬಂತು. ಅಲ್ಲಿ ಚಳಿಗಾಲದಲ್ಲಿ ತಾಪಮಾನ ಮೈನಸ್ 20 ಡಿಗ್ರಿಗಿಂತ ಕೆಳಗಿಳಿಯೋದು ಹೊಸದಲ್ಲ. ಇಟಲಿಯ ಕಾರನ್ನ ರಷ್ಯಾದ ರಸ್ತೆಯಲ್ಲಿ ಓಡಿಸಿ ನೋಡಿದರೆ ತಡೆಯಲಿಲ್ಲ. ಆದ್ದರಿಂದ ಎಂಜಿನಿಯರುಗಳು ಸುಮಾರು 800 ಬದಲಾವಣೆ ಮಾಡಿದರು ಅಂತ ಲೆಕ್ಕ. ಮೈಗೆ ದಪ್ಪ ತಗಡು ಹಾಕಿದರು. ನೆಲದಿಂದ ಎತ್ತರ ಹೆಚ್ಚಿಸಿದರು. ಹಿಂದಿನ ಡಿಸ್ಕ್ ಬ್ರೇಕು ಕೆಸರಿನಲ್ಲಿ ಸವೆದು ಹೋಗ್ತಿತ್ತು, ಅದನ್ನ ತೆಗೆದು ಮುಚ್ಚಿದ ಡ್ರಮ್ ಬ್ರೇಕ್ ಕೂರಿಸಿದರು. ಬ್ಯಾಟರಿ ಚಳಿಗೆ ಸೋತರೆ ಕೈಯಿಂದ ತಿರುಗಿಸಿ ಚಾಲೂ ಮಾಡೋಕೆ ಮುಂದೆ ಹ್ಯಾಂಡಲ್ ಕೊಟ್ಟರು.

ಹಿಮದಲ್ಲಿ ಹಳೇ ಕಾರಿಗೆ ಕಷ್ಟ ಯಾಕೆ? ಕಾರಣ ಮೂರು. ಒಂದು, ಚಳಿಯಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗಲ್ಲ, ಆಯಿಲ್ ಗಟ್ಟಿಯಾಗುತ್ತೆ, ಬ್ಯಾಟರಿ ಬಲ ಕುಗ್ಗುತ್ತೆ. ಹಾಗಾಗಿ ಚೋಕ್ ಎಳೆದು ಗಾಳಿ ಕಮ್ಮಿ ಮಾಡಿ, ಪೆಟ್ರೋಲು ಜಾಸ್ತಿ ಕೊಡಬೇಕು. ಎರಡು, ಎಂಜಿನ್ ಭಾರ ಮುಂದೆ, ಆದರೆ ತಳ್ಳೋದು ಹಿಂದಿನ ಚಕ್ರ. ಹಿಂಭಾಗ ಹಗುರ ಇರೋದ್ರಿಂದ ಚಕ್ರ ಅಲ್ಲೇ ಗರಗರ ತಿರುಗುತ್ತೆ. ಅದಕ್ಕೇ ಡಿಕ್ಕಿಯಲ್ಲಿ ಮರಳಿನ ಚೀಲ ಇಟ್ಕೊಂಡು ಹೋಗ್ತಿದ್ದರು. ಭಾರಕ್ಕೆ ಭಾರ, ಸಿಕ್ಕಿಬಿದ್ದಾಗ ಚಕ್ರದ ಕೆಳಗೆ ಸುರಿಯೋಕೂ ಆಯ್ತು. ಮೂರು, ಎಂಜಿನ್ ಬಿಸಿಯೇ ಆಗಲ್ಲ. ರೇಡಿಯೇಟರ್ ಮುಂದೆ ದಪ್ಪ ಬಟ್ಟೆ ಕಟ್ಟಿ ಗಾಳಿ ತಡೀತಿದ್ದರು. ಹಳೇ ಕಾರಿಗೆ ಅನುಕೂಲವೂ ಒಂದಿತ್ತು: ಟೈರ್ ಕಿರಿದು. ಕಿರಿದಾದ ಟೈರು ಸಡಿಲ ಹಿಮವನ್ನ ಕೊಯ್ದುಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತೆ. ಗಾಜಿನಂಥ ಬರೀ ಮಂಜುಗಡ್ಡೆ ಮೇಲೆ ಮಾತ್ರ ಆ ಲಾಭ ಇಲ್ಲ. ಅಲ್ಲಿ ಸರಪಳಿಯೋ ಮೊಳೆ ಟೈರೋ ಬೇಕು. ಟೊರಾಂಟೊ, ಮಿನಿಯಾಪೊಲಿಸ್‌ಗೆ ಆನ್‌ಸೈಟ್ ಹೋಗಿ ಬಂದವರಿಗೆ ಇದೆಲ್ಲ ಅರ್ಥ ಆಗುತ್ತೆ.

ಈಗ ನಮ್ಮ ಬೀದಿಗೆ ಬನ್ನಿ. ಪದ್ಮಿನಿಯ ಮೂಲ ಫಿಯೆಟ್ 1100. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲಿ ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ತಳ್ಳೋದು ಹಿಂದಿನ ಚಕ್ರ. ಮಳೆ ಅದರ ಮೇಲೆ ಬೇರೆ ಬೇರೆ ಕಡೆಯಿಂದ ದಾಳಿ ಮಾಡ್ತಿತ್ತು. ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ತೇವ ಹೊಕ್ಕರೆ ಸ್ಪಾರ್ಕ್ ಇಲ್ಲ, ಗಾಡಿ ನಿಂತೇ ಬಿಡ್ತು. ನೀರಿನಲ್ಲಿ ನುಗ್ಗಿದರೆ ಎಂಜಿನ್ ಫ್ಯಾನೇ ನೀರನ್ನ ಎತ್ತಿ ವೈರುಗಳ ಮೇಲೆ ಎರಚುತ್ತೆ. ಡ್ರಮ್ ಒಳಗೆ ನೀರು ನಿಂತರೆ ಬ್ರೇಕ್ ಹಿಡಿಯಲ್ಲ. ಖಾಡಿಯ ಉಪ್ಪುಗಾಳಿಗೆ ನೆಲದ ತಗಡು ತುಕ್ಕು ಹಿಡಿದು ತೂತು ಬೀಳುತ್ತೆ.

ಇಲ್ಲೇ ಇತಿಹಾಸದ ದೊಡ್ಡ ವ್ಯತ್ಯಾಸ ಇರೋದು. ರಷ್ಯಾದಲ್ಲಿ ಕಾರನ್ನ ಊರಿಗೆ ತಕ್ಕಂತೆ ಬದಲಾಯಿಸಿದ್ದು ಕಾರ್ಖಾನೆ. ನಮ್ಮಲ್ಲಿ ಬದಲಾಯಿಸಿದ್ದು ಗ್ಯಾರೇಜು. ಲೈಸೆನ್ಸ್ ರಾಜ್ ಕಾಲದಲ್ಲಿ ಬುಕ್ ಮಾಡಿ ವರ್ಷಗಟ್ಟಲೆ ಕಾಯೋ ಗಿರಾಕಿ ಇದ್ದ, ಪೈಪೋಟಿ ಇರಲಿಲ್ಲ. ಕಂಪನಿಗೆ ಕಾರನ್ನ ಸುಧಾರಿಸೋ ಒತ್ತಡವೇ ಇರಲಿಲ್ಲ. 1964ರ ಫಿಯೆಟ್ 'ಡಿಲೈಟ್' ಪಕ್ಕದಲ್ಲಿ 1990ರ ದಶಕದ ಪದ್ಮಿನಿ ನಿಲ್ಲಿಸಿದರೆ ಅಕ್ಕ–ತಂಗಿ ಅನ್ನೋದು ದೂರದಿಂದಲೇ ಗೊತ್ತಾಗುತ್ತೆ. ಬದಲಾವಣೆ ನಡೆದದ್ದು ಬೀದಿಯಲ್ಲಿ. ಡಿಸ್ಟ್ರಿಬ್ಯೂಟರ್‌ಗೆ ಪ್ಲಾಸ್ಟಿಕ್ ಚೀಲ ಕಟ್ಟಿದರು. ಆಳದ ನೀರಿಗೆ ಇಳಿಯೋ ಮುಂಚೆ ಫ್ಯಾನ್ ಬೆಲ್ಟ್ ಬಿಚ್ಚಿದರು. ಮೊದಲ ಗೇರಿನಲ್ಲಿ ಆಕ್ಸಿಲರೇಟರ್ ಬಿಡದೆ ಒಂದೇ ಸಮ ಓಡಿಸಿ, ಸೈಲೆನ್ಸರ್‌ಗೆ ನೀರು ನುಗ್ಗದ ಹಾಗೆ ನೋಡಿಕೊಂಡರು. ನೀರು ದಾಟಿದ ಮೇಲೆ ಬ್ರೇಕ್ ಮೇಲೆ ಮೆಲ್ಲಗೆ ಕಾಲಿಟ್ಟು ಡ್ರಮ್ ಒಣಗಿಸಿದರು. ಗಾಡಿ ನಿಂತರೆ ಬಾನೆಟ್ ಎತ್ತಿ, ಒಣ ಬಟ್ಟೆಯಲ್ಲಿ ಕ್ಯಾಪ್ ಒರೆಸಿ, ಹತ್ತು ನಿಮಿಷದಲ್ಲಿ ಹೊರಟೇ ಬಿಟ್ಟರು. ಈ ವಿದ್ಯೆಗೆ ಪುಸ್ತಕ ಇಲ್ಲ. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಬಾಯಿಂದ ಬಾಯಿಗೆ ಬಂದದ್ದು.

ಕೊಂಕಣ ರೈಲ್ವೆ ಪೂರ್ತಿ ತೆರೆದದ್ದು 1998ರಲ್ಲಿ. ಅದಕ್ಕೂ ಮುಂಚೆ ಮಳೆಗಾಲದಲ್ಲಿ ಇಲ್ಲಿಂದ ಉಡುಪಿ, ಮಂಗಳೂರಿಗೆ ಕಾರಿನಲ್ಲಿ ಹೊರಟವರಿಗೆ ಪನವೇಲ್ ದಾಟಿದ ಮೇಲೆ ಕಶೇಡಿ, ಪರಶುರಾಮ ಘಾಟಿಗಳು. ಒದ್ದೆ ಬ್ರೇಕಿನಲ್ಲಿ ಘಾಟಿ ಇಳಿಯೋದು ಅಂದ್ರೆ ಗೇರಿನ ಹಿಡಿತದಲ್ಲೇ ಇಳಿಯಬೇಕು. ಮಂಜುಗಡ್ಡೆ ಮೇಲೆ ಇಳಿಜಾರು ಇಳಿಯೋರೂ ಅದನ್ನೇ ಮಾಡ್ತಾರೆ: ಕಡಿಮೆ ಗೇರು, ಬ್ರೇಕಿಗೆ ಹಗುರ ಕಾಲು, ಸ್ಟೀರಿಂಗ್‌ಗೆ ಮೃದು ಕೈ.

ಹಾಗಂತ ಹಳೇ ಕಾರೇ ಚಿನ್ನ ಅಂತ ನಾನು ಹೇಳ್ತಿಲ್ಲ. ಅದರಲ್ಲಿ ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ, ಹೊಗೆ ಬೇರೆ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿ ಆದದ್ದು 2003ರ ಅಕ್ಟೋಬರ್ 29ಕ್ಕೆ. ಟ್ಯಾಕ್ಸಿಗೆ 20 ವರ್ಷದ ಮಿತಿ ಇದ್ದದ್ದರಿಂದ 2023ರ ಅಕ್ಟೋಬರ್ 30ರಿಂದ ಕಾಲಿ–ಪೀಲಿ ಪದ್ಮಿನಿಯ ಯುಗ ಮುಗಿಯಿತು. ಜಿಗುಲಿ ವಂಶ ರಷ್ಯಾದಲ್ಲಿ 2012ರವರೆಗೂ ತಯಾರಾಗ್ತಿತ್ತು. ಎರಡೂ ಅಷ್ಟು ಕಾಲ ಬಾಳಿದ್ದಕ್ಕೆ ಕಾರಣ ಒಂದೇ: ರಸ್ತೆ ಪಕ್ಕದಲ್ಲೇ, ಸಾಧಾರಣ ಸಾಮಾನಿನಲ್ಲೇ ರಿಪೇರಿ ಆಗ್ತಿದ್ದವು.

ಈ ಕಥೆ ನಮಗೆ ಯಾಕೆ ಬೇಕು ಅಂದ್ರೆ, 2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ಕಲ್ಯಾಣ್, ಬದಲಾಪುರ ಕಡೆ ಉಲ್ಹಾಸ್ ನದಿ ಉಕ್ಕಿತು. ಆ ದಿನ ಕಾರಿನೊಳಗೇ ಸಿಕ್ಕಿಕೊಂಡು ಪ್ರಾಣ ಬಿಟ್ಟವರಿದ್ದಾರೆ. ನೀರೇರಿದಾಗ ಬಾಗಿಲು ತೆರೆಯಲ್ಲ, ವಿದ್ಯುತ್ ಕೈಕೊಟ್ಟರೆ ಪವರ್ ವಿಂಡೋ ಇಳಿಯಲ್ಲ. ಪದ್ಮಿನಿಯ ಕಿಟಕಿಗೆ ತಿರುಗಿಸೋ ಹಿಡಿ ಇತ್ತು. ಆ ಮಳೆಯ ನಂತರ ಮುಂಬಯಿಯ ಎಷ್ಟೋ ಜನ ಕಾರಿನಲ್ಲಿ ಸಣ್ಣ ಸುತ್ತಿಗೆ ಇಟ್ಟುಕೊಳ್ಳೋಕೆ ಶುರು ಮಾಡಿದರು. 2019ರ ಜುಲೈ 27ಕ್ಕೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸೇ ವಾಂಗಣಿ ಹತ್ತಿರ ನೀರಿನ ನಡುವೆ ನಿಂತಿತ್ತು. ಅಂದ್ರೆ 2005 ಒಂದೇ ಸಲದ ಕಥೆಯಲ್ಲ.

ನಿಮ್ಮ ಗಾಡಿಯ ನಂಬರ್ ಎಂಎಚ್ 04 ಇರಲಿ, 05 ಇರಲಿ, 43 ಇರಲಿ, ಊರಿಂದ ತಂದ ಕೆಎ ಇರಲಿ, ಮೂರು ಮಾತು ನೆನಪಿಡಿ. ಒಂದು, ನೀರಿನಲ್ಲಿ ನಿಂತ ಕಾರನ್ನ ಮತ್ತೆ ಸ್ಟಾರ್ಟ್ ಮಾಡಬೇಡಿ. ಪದ್ಮಿನಿಯಲ್ಲಿ ಹೆಚ್ಚಾಗಿ ಸ್ಪಾರ್ಕ್ ಹೋಗಿ ಗಾಡಿ ನಿಲ್ತಿತ್ತು, ಒರೆಸಿದರೆ ಸರಿ. ಇಂದಿನ ಕಾರು ನಿಂತಿತು ಅಂದ್ರೆ ಗಾಳಿ ಹೋಗೋ ದಾರಿಯಲ್ಲಿ ಸಿಲಿಂಡರ್‌ಗೇ ನೀರು ಹೋಗಿರಬಹುದು. ಗಾಳಿಯನ್ನ ಅದುಮಬಹುದು, ನೀರನ್ನ ಅದುಮೋಕಾಗಲ್ಲ. ಕೀಲಿ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ಎರಡು, ಇಂಥ ಹಾನಿಗೆ ಸಾಮಾನ್ಯ ವಿಮೆಯಲ್ಲಿ ಹಣ ಸಿಗೋದು ಕಷ್ಟ. ಎಂಜಿನ್ ರಕ್ಷಣೆಯ ಆಡ್‌ಆನ್ ಇದೆಯಾ ಅಂತ ಪಾಲಿಸಿ ತೆಗೆದು ಇವತ್ತೇ ನೋಡಿ. ಮೂರು, ನೀರು ಬಾಗಿಲ ಮಟ್ಟಕ್ಕೆ ಬರೋ ಮುಂಚೆಯೇ ಕಿಟಕಿ ಇಳಿಸಿ, ಕಾರು ಬಿಟ್ಟು ಇಳಿದುಬಿಡಿ. ಇಎಂಐ ಆಮೇಲೆ ಕಟ್ಟಿದರಾಯ್ತು.

ಮುಂದಿನ ವಾರ ಪ್ಯೂಜೊ 309ರ ಕಥೆ ಹೇಳ್ತೀನಿ, ಫ್ರೆಂಚರು ಡೊಂಬಿವಲಿಗೆ ಬಂದದ್ದು ಯಾಕೆ, ಅಷ್ಟು ಬೇಗ ಹೋದದ್ದು ಯಾಕೆ ಅಂತ. ನಿಮ್ಮ ಮನೆಯಲ್ಲಿ, ಪಕ್ಕದ ಬಿಲ್ಡಿಂಗಿನಲ್ಲಿ ಪ್ರೀಮಿಯರ್‌ನಲ್ಲಿ ದುಡಿದ ಹಿರಿಯರಿದ್ದರೆ ಈಗಲೇ ಕೂತು ಮಾತಾಡಿಸಿ, ಅವರು ಹೇಳಿದ್ದನ್ನ ಬರೆದಿಟ್ಟುಕೊಳ್ಳಿ. ಕಾರ್ಖಾನೆ ಹೋಯಿತು, ಟ್ಯಾಕ್ಸಿ ಹೋಯಿತು. ಆ ಕೈಗಳ ತಿಳಿವಳಿಕೆ ಇನ್ನೂ ನಮ್ಮ ನಡುವೆ ಇದೆ.